ಹಕ್ಕಿಯ ಗೂಡೂ ಹವ್ಯಾಸಿಯ ಕ್ಯಾಮೆರಾವೂ

ಭಾನುವಾರ ಬೆಳಗು ಹರಿಯುವ ಹೊತ್ತಿಗೆ ನಮ್ಮ ಊರುಗಳ ಅಂಚಿನ ಯಾವ ಕೆರೆಯ ಏರಿಗೆ ಹೋದರೂ ಈಗ ಒಂದು ವಿಶೇಷ ಬಗೆಯ ಜನರನ್ನು ಕಾಣಬಹುದು. ಬ್ಯಾಂಕಿನ ನೌಕರರು, ವೈದ್ಯರು, ಎಂಜಿನಿಯರುಗಳು, ನಿವೃತ್ತ ಉಪಾಧ್ಯಾಯರು, ಕಾಲೇಜಿನ ಹುಡುಗ ಹುಡುಗಿಯರು ಎಲ್ಲರೂ ಈ ಗುಂಪಿನಲ್ಲುಂಟು. ಕೊರಳಿಗೆ ಕ್ಯಾಮೆರಾ ತಗುಲಿಸಿಕೊಂಡು ಒಂದು ಮಿಂಚುಳ್ಳಿಗಾಗಿ ತಾಸುಗಟ್ಟಲೆ ಮಾತಿಲ್ಲದೆ ಕುಳಿತಿರುತ್ತಾರೆ. ಇಬ್ಬನಿ ಹೊತ್ತ ಹುಲ್ಲಿನ ಮೇಲೆ ಬೋರಲು ಮಲಗಿ ಒಂದು ಏರೋಪ್ಲೇನ್ ಚಿಟ್ಟೆಯ ಕಣ್ಣನ್ನು ದಿಟ್ಟಿಸುತ್ತಾರೆ. ಹೆಸರರಿಯದ ಕಾಡುಹೂವೊಂದು ಗಾಳಿಗೆ ಓಲಾಡುವುದನ್ನು ನಿಲ್ಲಿಸಲೆಂದು ಉಸಿರು ಬಿಗಿಹಿಡಿದು ಕಾಯುತ್ತಾರೆ. ಇದರಿಂದ ಇವರಿಗೆ ಆದಾಯವೇನೂ ಇಲ್ಲ. ಕೈಯಿಂದ ಹೋಗುವುದೇ ಹೆಚ್ಚು. ಮನೆಯವರು ಇದನ್ನು ಹುಚ್ಚು ಎಂದರೂ ಎನ್ನಬಹುದು. ಆದರೆ ಈ ಹುಚ್ಚಿಗೆ ಸುಮಾರು ನೂರೆಂಬತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಅರಿತರೆ ಇಂದು ಕ್ಯಾಮೆರಾ ಹಿಡಿದವರ ಮುಂದಿರುವ ಒಂದು ಕಠಿಣ ಪ್ರಶ್ನೆಯೂ ನಮಗೆ ತಿಳಿಯಾಗುತ್ತದೆ.

ಕನ್ನಡ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಆಸಕ್ತಿ ಹೇಗೆ ಬಂತೆಂದು ವಾಚಕರು ಕೇಳಬಹುದು. ನಮ್ಮ ಹಳೆಯ ಕಾವ್ಯಗಳಲ್ಲಿ ವನವರ್ಣನೆಯಿಲ್ಲದ ಕೃತಿ ಅಪರೂಪ. ಚಾತಕ ಮಳೆಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟದು. ಚಕೋರ ಬೆಳದಿಂಗಳನ್ನು ಕುಡಿದು ಬದುಕುತ್ತದೆ. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ. ಇವನ್ನು ಕವಿಸಮಯವೆಂದು ನಾವು ತರಗತಿಯಲ್ಲಿ ವಿವರಿಸುತ್ತೇವೆ. ಕವಿಸಮಯಕ್ಕೆ ಅದರದೇ ಆದ ಸೊಗಸುಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಸ್ತ್ರದಿಂದ ಶಾಸ್ತ್ರಕ್ಕೆ, ಕೃತಿಯಿಂದ ಕೃತಿಗೆ ಹಾರಿ ಬಂದ ಹಕ್ಕಿಗಳು ಅವು. ಮರದ ಮೇಲೆ ಕುಳಿತಿರುವ ಹಕ್ಕಿಯನ್ನು ಅದಿರುವಂತೆಯೇ ನೋಡಬೇಕೆಂಬ ಹಟ ಬೇರೆಯ ದಾರಿಯದು. ಆ ಹಟವನ್ನು ಸಾಮಾನ್ಯ ಜನರ ಕೈಗೆ ತಂದುಕೊಟ್ಟ ಸಾಧನಗಳಲ್ಲಿ ಕ್ಯಾಮೆರಾ ಮುಖ್ಯವಾದುದು. ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಈ ಚರಿತ್ರೆಯತ್ತ ಸೆಳೆದದ್ದು ಇದೇ.

ಕದಲದ ಎಲೆ, ಸತ್ತ ಬಕ

ಛಾಯಾಚಿತ್ರಕಲೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಫ್ರಾನ್ಸಿನ ದಗೇರ್, ಇಂಗ್ಲೆಂಡಿನ ಟಾಲ್ಬಟ್ ಇಬ್ಬರೂ ಬೇರೆ ಬೇರೆ ವಿಧಾನಗಳನ್ನು ಅದೇ ವರ್ಷ ಹೊರಗೆಡಹಿದರು. ಟಾಲ್ಬಟ್ ಅನುಕೂಲಸ್ಥ ವಿದ್ವಾಂಸ, ಸಸ್ಯಪ್ರೇಮಿ. ಬೆಳಕಿಗೆ ಕಪ್ಪಾಗುವ ಕಾಗದದ ಮೇಲೆ ಎಲೆಗಳನ್ನೂ ಹೂಗಳನ್ನೂ ಇಟ್ಟು ಬಿಸಿಲಿಗೊಡ್ಡಿ ಅವುಗಳ ಆಕಾರವನ್ನು ಮೂಡಿಸಿದ. ಸೂಕ್ಷ್ಮದರ್ಶಕದ ಮೂಲಕ ಕೀಟದ ರೆಕ್ಕೆಯ ಚಿತ್ರವನ್ನೂ ತೆಗೆದ. 1842ರಲ್ಲಿ ಹರ್ಷೆಲ್ ಎಂಬ ಖಗೋಳಜ್ಞ ನೀಲಿಯಚ್ಚಿನ ವಿಧಾನವನ್ನು ಕಂಡುಹಿಡಿದ. ಮರುವರ್ಷವೇ ಆ್ಯನಾ ಆಟ್ಕಿನ್ಸ್ ಎಂಬ ಮಹಿಳೆ ಅದನ್ನು ಬಳಸಿ ಬ್ರಿಟನ್ನಿನ ಕಡಲ ಪಾಚಿಗಳ ಚಿತ್ರಸಂಪುಟವನ್ನು ಸ್ವಂತ ಕೈಯಿಂದ ತಯಾರಿಸತೊಡಗಿದಳು. ಹತ್ತು ವರ್ಷಗಳ ಕಾಲ, 1853ರವರೆಗೆ, ಆ ಕೆಲಸ ನಡೆಯಿತು. ಛಾಯಾಚಿತ್ರಗಳಿಂದ ಕೂಡಿದ ಪುಸ್ತಕಗಳಲ್ಲಿ ಇದೇ ಮೊದಲನೆಯದೆಂದು ಎಣಿಸುತ್ತಾರೆ. ಈ ಕಲೆಯ ತೊಟ್ಟಿಲಲ್ಲೇ ಹವ್ಯಾಸಿಯೂ ಇದ್ದ, ನಿಸರ್ಗವೂ ಇತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಆದರೆ ಅಂದಿನ ಚಿತ್ರಕ್ಕೆ ಸಿಕ್ಕುತ್ತಿದ್ದದ್ದು ಕದಲದ ವಸ್ತು ಮಾತ್ರ. ಎಲೆ ಸಿಕ್ಕಿತು, ಕಲ್ಲುಬಂಡೆ ಸಿಕ್ಕಿತು, ಹಕ್ಕಿ ಸಿಕ್ಕಲಿಲ್ಲ. 1851ರಲ್ಲಿ ಬಂದ ಒದ್ದೆ ಗಾಜಿನ ಫಲಕದ ವಿಧಾನದಲ್ಲಿ ಫಲಕಕ್ಕೆ ಮದ್ದು ಹಚ್ಚಿ, ಅದು ಆರುವ ಮುನ್ನ ಚಿತ್ರ ತೆಗೆದು, ಕೂಡಲೇ ಕತ್ತಲೆಯ ಗುಡಾರದಲ್ಲಿ ತೊಳೆಯಬೇಕಾಗಿತ್ತು. ಬೆಳಕನ್ನು ಸೆಕೆಂಡುಗಟ್ಟಲೆ ಬಿಡಬೇಕಾಗಿತ್ತು. ವೇಲ್ಸಿನ ಜಾನ್ ಡಿಲ್ವಿನ್ ಲೂಯೆಲಿನ್ ಎಂಬ ಜಮೀನುದಾರ ಈ ತೊಡಕಿಗೆ ಒಂದು ಉಪಾಯ ಹೂಡಿದ. ಚರ್ಮದೊಳಗೆ ಹುಲ್ಲು ತುಂಬಿದ ಬಕವೊಂದನ್ನು ನೀರಿನಂಚಿನಲ್ಲಿ ನಿಲ್ಲಿಸಿ, 1850ರ ದಶಕದಲ್ಲಿ ಅದರ ಚಿತ್ರ ತೆಗೆದ. ಬಕ ಮೀನಿಗಾಗಿ ಹೊಂಚು ಹಾಕಿ ನಿಂತಂತೆಯೇ ಚಿತ್ರದಲ್ಲಿ ಕಾಣುತ್ತದೆ. ಅವನು ಮೋಸಗಾರನಲ್ಲ, ಅಂದಿನ ಸಾಧನಕ್ಕೆ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಆದರೂ ಈ ಸತ್ತ ಬಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಯಲ್ಲಿ ಅದರ ಬಂಧುವೊಂದು ಬರಲಿದೆ.

ಬಿಡುಗಡೆ ದೊರೆತದ್ದು 1871ರಲ್ಲಿ. ರಿಚರ್ಡ್ ಲೀಚ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಬಳಸಿ ಒಣ ಫಲಕವನ್ನು ಮಾಡುವ ಬಗೆಯನ್ನು ಪ್ರಕಟಿಸಿದ. ಇದು ಸುಧಾರಿಸುತ್ತ ಬಂದಂತೆ ಫಲಕಗಳನ್ನು ಮನೆಯಿಂದಲೇ ಒಯ್ದು, ಚಿತ್ರ ತೆಗೆದು, ಎಷ್ಟೋ ದಿನಗಳ ಮೇಲೆ ತೊಳೆಯಬಹುದಾಯಿತು. ಬೆಳಕೂ ಕಣ್ಣೆವೆಯಿಕ್ಕುವಷ್ಟು ಹೊತ್ತು ಬಿದ್ದರೆ ಸಾಕಾಯಿತು. 1888ರಲ್ಲಿ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿಯಿದ್ದ ಕೊಡಾಕ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದ. ಶ್ರೀಮಂತರ ಕಲೆ ಮಧ್ಯಮವರ್ಗದವರ ಕೈಗೆ ಬಂತು.

ಮೊಟ್ಟೆಯ ಬದಲು ಚಿತ್ರ

ಆ ಕಾಲದಲ್ಲಿ ನಿಸರ್ಗಪ್ರೇಮವೆಂದರೆ ಏನಾಗಿತ್ತೆಂಬುದನ್ನು ಒಮ್ಮೆ ನೆನೆಯಬೇಕು. ಹಕ್ಕಿಯನ್ನು ಪ್ರೀತಿಸುವವನು ಅದನ್ನು ಹೊಡೆದು ತೊಗಲಿಗೆ ಹುಲ್ಲು ತುಂಬಿ ಗಾಜಿನ ಬೀರುವಿನಲ್ಲಿ ಇಡುತ್ತಿದ್ದ. ಚಿಟ್ಟೆಯನ್ನು ಪ್ರೀತಿಸುವವನು ಅದನ್ನು ಸೂಜಿಯಿಂದ ಚುಚ್ಚಿ ಹಲಗೆಗೆ ಸಿಕ್ಕಿಸುತ್ತಿದ್ದ. ಗೂಡುಗಳಿಂದ ಮೊಟ್ಟೆಗಳನ್ನು ತಂದು, ತೂತು ಕೊರೆದು, ಒಳಗಿನದನ್ನು ಊದಿ ತೆಗೆದು, ಚಿಪ್ಪುಗಳನ್ನು ಹತ್ತಿಯ ಮೇಲೆ ಜೋಡಿಸಿಡುವುದು ಇಂಗ್ಲೆಂಡಿನಲ್ಲಿ ಶಾಲೆಯ ಹುಡುಗರಿಂದ ಪಾದ್ರಿಗಳವರೆಗೆ ಹಬ್ಬಿದ್ದ ಹವ್ಯಾಸ. ಹಕ್ಕಿ ವಿರಳವಾದಷ್ಟೂ ಮೊಟ್ಟೆಯ ಬೆಲೆ ಹೆಚ್ಚು. ಮೊಟ್ಟೆಯ ಬೆಲೆ ಹೆಚ್ಚಿದಷ್ಟೂ ಹಕ್ಕಿ ಇನ್ನೂ ವಿರಳ.

ಯಾರ್ಕ್‌ಷೈರಿನ ಥ್ವೇಟ್ ಎಂಬ ಹಳ್ಳಿಯಿಂದ ಬಂದ ರಿಚರ್ಡ್ ಕಿಯರ್ಟನ್, ಚೆರಿ ಕಿಯರ್ಟನ್ ಎಂಬ ಸೋದರರು ಈ ಕಥೆಯಲ್ಲಿ ಪ್ರವೇಶಿಸುವುದು ಇಲ್ಲಿ. ಅಣ್ಣ ರಿಚರ್ಡ್ ಬಾಲ್ಯದಲ್ಲಿ ಬಿದ್ದು ಸೊಂಟದ ಕೀಲು ಕೆಟ್ಟು, ಬಾಳೆಲ್ಲ ಕುಂಟುತ್ತ ನಡೆದವನು. ಇಬ್ಬರೂ ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರ ನೌಕರರು. 1892ರ ಏಪ್ರಿಲ್ 10ರಂದು ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ ಹಾಡುಹಕ್ಕಿಯೊಂದರ ಗೂಡೂ ಅದರಲ್ಲಿದ್ದ ಮೊಟ್ಟೆಗಳೂ ತಮ್ಮನ ಕ್ಯಾಮೆರಾದಲ್ಲಿ ಚಿತ್ರವಾದವು. ನೋಡುವುದಕ್ಕೆ ಅತಿ ಸಾಧಾರಣವಾದ ಚಿತ್ರ. ಆದರೆ ಅಣ್ಣನಿಗೆ ಅದರಲ್ಲಿ ಒಂದು ದಾರಿ ಹೊಳೆಯಿತು. ಬ್ರಿಟನ್ನಿನ ಎಲ್ಲ ಹಕ್ಕಿಗಳ ಗೂಡುಗಳನ್ನೂ ಹೀಗೆಯೇ, ಇದ್ದಲ್ಲೇ, ಒಂದು ಮೊಟ್ಟೆಯನ್ನೂ ಕದಲಿಸದೆ ಚಿತ್ರಿಸಿದರೆ ಹೇಗೆ? ಮೂರೇ ವರ್ಷಗಳಲ್ಲಿ, 1895ರಲ್ಲಿ, ಅವರ ಹಕ್ಕಿಗೂಡುಗಳ ಪುಸ್ತಕ ಹೊರಬಂತು. ಆರಂಭದಿಂದ ಕೊನೆಯವರೆಗೆ ಬಯಲಿನಲ್ಲೇ ತೆಗೆದ ಛಾಯಾಚಿತ್ರಗಳಿದ್ದ ನಿಸರ್ಗಗ್ರಂಥಗಳಲ್ಲಿ ಅದು ಮೊದಲನೆಯದೆಂದು ಹೆಸರಾಗಿದೆ.

ಈ ಸೋದರರ ಸಾಹಸಗಳನ್ನು ಕೇಳಿದರೆ ಸೋಜಿಗವೂ ಆಗುತ್ತದೆ, ನಗುವೂ ಬರುತ್ತದೆ. ಕಡಲ ಹಕ್ಕಿಗಳ ಗೂಡನ್ನು ಹುಡುಕಿ ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಿಂದ ಇಳಿದರು. ಹಕ್ಕಿ ತಮ್ಮನ್ನು ಕಾಣದಿರಲೆಂದು ಹುಸಿ ಬಂಡೆಗಳನ್ನು ಕಟ್ಟಿ ಒಳಗೆ ಅಡಗಿದರು. 1900ರಲ್ಲಿ ಎತ್ತಿನ ತೊಗಲನ್ನು ಮರದ ಚೌಕಟ್ಟಿನ ಮೇಲೆ ಹೊದಿಸಿ, ಆ ಪೊಳ್ಳು ಎತ್ತಿನ ಹೊಟ್ಟೆಯಲ್ಲಿ ಕ್ಯಾಮೆರಾ ಸಮೇತ ನಿಂತರು. ಟ್ರಾಯ್ ನಗರದ ಮರದ ಕುದುರೆಯ ಕಥೆಯನ್ನು ಓದಿದವರಿಗೆ ಇದು ಅದರ ಶಾಂತಿಪರ್ವದಂತೆ ತೋರೀತು. ಇಷ್ಟೆಲ್ಲ ಪಾಡುಪಟ್ಟು ಅವರು ಮನೆಗೆ ತಂದದ್ದು ಮೊಟ್ಟೆಯನ್ನಲ್ಲ, ಚಿತ್ರವನ್ನು. ಹಕ್ಕಿಯ ಸಂಸಾರ ಇದ್ದಲ್ಲೇ ಉಳಿಯಿತು.

ಈ ದಾರಿಯಲ್ಲಿ ನಡೆದವರು ಬಹಳ ಮಂದಿ. 1899ರಲ್ಲೇ ಪ್ರಾಣಿಗಳ ಚಿತ್ರ ತೆಗೆಯುವವರ ಕೂಟವೊಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಬಿಟರ್ನ್ ಎಂಬುದು ಜೊಂಡಿನಲ್ಲಿ ಅಡಗಿ ಬಾಳುವ ಬಕಜಾತಿಯ ಹಕ್ಕಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬ್ರಿಟನ್ನಿನಲ್ಲಿ ಮರಿಮಾಡುವುದನ್ನೇ ಬಿಟ್ಟಿತ್ತು. 1911ರಲ್ಲಿ ಎಮ್ಮಾ ಟರ್ನರ್ ಎಂಬ ಮಹಿಳೆ ನಾರ್ಫೋಕಿನ ಜೌಗಿನಲ್ಲಿ ಅದರ ಮರಿಯ ಚಿತ್ರವನ್ನು ತೆಗೆದು, ಹಕ್ಕಿ ಮರಳಿ ಬಂದಿರುವುದನ್ನು ಸಾಕ್ಷಿ ಸಮೇತ ಲೋಕಕ್ಕೆ ತೋರಿಸಿದಳು. 1937ರಲ್ಲಿ ಎರಿಕ್ ಹಾಸ್ಕಿಂಗ್ ಗೂಬೆಯ ಗೂಡಿನ ಬಳಿಯ ಮರೆಗುಡಾರಕ್ಕೆ ಹೋಗುವಾಗ ತಾಯಿಗೂಬೆ ಎರಗಿ ಅವರ ಎಡಗಣ್ಣು ಹೋಯಿತು. ಆದರೂ ಅವರು ಹಕ್ಕಿಗಳ ಕೈಬಿಡಲಿಲ್ಲ. ಕೊನೆಗೆ 1954ರಲ್ಲಿ ಬ್ರಿಟನ್ನು ಕಾಡುಹಕ್ಕಿಗಳ ಮೊಟ್ಟೆ ತೆಗೆಯುವುದನ್ನು ಕಾನೂನಿನಿಂದ ನಿಷೇಧಿಸಿತು. ಹಳೆಯ ಮೊಟ್ಟೆಸಂಗ್ರಹಗಳೆಲ್ಲ ನಿಷ್ಪ್ರಯೋಜಕವಾಗಿದ್ದವೆಂದು ಹೇಳಲಾಗದು. 1967ರಲ್ಲಿ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಅವೇ ಚಿಪ್ಪುಗಳನ್ನು ತೂಗಿ ಅಳೆದು, ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗುತ್ತಿರುವುದನ್ನು ತೋರಿಸಿದರು. ಡಿ.ಡಿ.ಟಿ.ಯಂಥ ಕೀಟನಾಶಕಗಳ ಕೇಡು ಬಯಲಾಗುವುದಕ್ಕೆ ಅದು ನೆರವಾಯಿತು. ಚರಿತ್ರೆ ಹೀಗೆಯೇ; ಯಾರನ್ನೂ ಪೂರ್ತಿ ಖಳನಾಯಕರನ್ನಾಗಿ ಮಾಡಲು ಅದು ಬಿಡುವುದಿಲ್ಲ.

ಕೋವಿಯಿಂದ ಕ್ಯಾಮೆರಾಕ್ಕೆ

ಅತ್ತ ಗೂಡಿನ ಬಳಿ ಈ ಬದಲಾವಣೆ ನಡೆಯುತ್ತಿದ್ದಾಗ ಇತ್ತ ಕಾಡಿನೊಳಗೂ ಇಂಥದೇ ಇನ್ನೊಂದು ನಡೆಯಿತು. ಅಮೆರಿಕದ ಜಾರ್ಜ್ ಶೈರಸ್ ಎಂಬ ವಕೀಲರು ಮೊದಲಿಗೆ ಬೇಟೆಗಾರರು. ರಾತ್ರಿ ದೋಣಿಯಲ್ಲಿ ಕುಳಿತು, ದೀಪದ ಬೆಳಕಿಗೆ ಮಿನುಗುವ ಜಿಂಕೆಯ ಕಣ್ಣಿಗೆ ಗುರಿಯಿಡುವುದು ಆ ಕಡೆಯ ಬೇಟೆಯ ರೀತಿ. ಅವರು ಕೋವಿಯನ್ನು ಕೆಳಗಿಟ್ಟು, ಅದೇ ದೋಣಿಯಲ್ಲಿ ಕ್ಯಾಮೆರಾ ಇಟ್ಟು, ಹೊಳಪುಮದ್ದನ್ನು ಸಿಡಿಸಿ ಚಿತ್ರ ತೆಗೆದರು. 1906ರ ಜುಲೈ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಅವರ 74 ಚಿತ್ರಗಳು ಅಚ್ಚಾದವು.

ನಮ್ಮ ದೇಶದಲ್ಲಿ ಈ ಗೌರವ ಎಫ್. ಡಬ್ಲ್ಯು. ಚಾಂಪಿಯನ್ ಅವರಿಗೆ ಸಲ್ಲಬೇಕು. ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಅವರು. ಹುಲಿ ಕೊಂದವನೇ ದೊಡ್ಡ ಮನುಷ್ಯನೆಂದು ಎಣಿಸುತ್ತಿದ್ದ ಕಾಲದಲ್ಲಿ, ಹುಲಿ ತಿರುಗುವ ಹಾದಿಗೆ ಅಡ್ಡಲಾಗಿ ತಂತಿ ಕಟ್ಟಿದರು. ತಂತಿಯನ್ನು ಹುಲಿಯೇ ತುಳಿದು, ಬೆಳಕು ಹೊತ್ತಿ, ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಹೂಡಿದರು. 1925ರಲ್ಲಿ ಆ ಚಿತ್ರಗಳು ಲಂಡನ್ನಿನ ಸಚಿತ್ರ ವಾರಪತ್ರಿಕೆಯಲ್ಲಿ ಬಂದವು. 1927ರಲ್ಲಿ ಪುಸ್ತಕವೂ ಆಯಿತು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ, ಚಿತ್ರ ನೋಡಿ ಇಂಥದೇ ಹುಲಿಯೆಂದು ಗುರುತಿಸಬಹುದು ಎಂಬುದನ್ನೂ ಅವರು ಕಂಡುಕೊಂಡರು. ಸುಮಾರು ಎಪ್ಪತ್ತು ವರ್ಷಗಳ ಮೇಲೆ ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಇದೇ ತತ್ತ್ವದ ಮೇಲೆ ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ, ಗಣಿತದ ನೆರವಿನಿಂದ ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಒಬ್ಬ ಅಧಿಕಾರಿಯ ಬಿಡುವಿನ ವೇಳೆಯ ಪ್ರೀತಿ ಕೊನೆಗೆ ಒಂದು ಶಾಸ್ತ್ರಕ್ಕೆ ಬುನಾದಿಯಾಯಿತು.

ದಕ್ಷಿಣದಲ್ಲಿ ಎಂ. ಕೃಷ್ಣನ್ (1912–1996) ಅವರನ್ನು ನೆನೆಯದಿದ್ದರೆ ಈ ಚರಿತ್ರೆ ಅಪೂರ್ಣ. ತಮಿಳಿನ ಪ್ರಸಿದ್ಧ ಸಾಹಿತಿ ಮಾಧವಯ್ಯನವರ ಮಗ. 1940ರ ದಶಕದಲ್ಲಿ ಕೆಲವು ವರ್ಷ ನಮ್ಮ ಸಂಡೂರಿನ ಸಂಸ್ಥಾನದಲ್ಲಿ ಕೆಲಸ ಮಾಡಿದವರು. ಆನೆಯ ಬೆನ್ನ ಮೇಲೆ ಕುಳಿತು, ತಾವೇ ಜೋಡಿಸಿಕೊಂಡ ಭಾರಿ ಕ್ಯಾಮೆರಾ ಹಿಡಿದು ಕಪ್ಪು ಬಿಳುಪು ಚಿತ್ರಗಳನ್ನು ತೆಗೆಯುತ್ತಿದ್ದರು. 1950ರಿಂದ ಕೊನೆಯುಸಿರಿನವರೆಗೆ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ನಿಸರ್ಗದ ಅಂಕಣವನ್ನು ಬರೆದರು. ಬೆಂಗಳೂರಿನಲ್ಲಿ ಒ. ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ (1932–2017) ಮೊದಲಾದವರಿಂದ ಒಂದು ಪರಂಪರೆಯೇ ಬೆಳೆಯಿತು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳು ಹೊಸಬರಿಗೆ ಪಾಠಶಾಲೆಗಳಾದವು. ಕನ್ನಡದ ಓದುಗರಿಗಂತೂ ಪೂರ್ಣಚಂದ್ರ ತೇಜಸ್ವಿಯವರ (1938–2007) ಹೆಸರು ಮೊದಲು ನೆನಪಾಗುತ್ತದೆ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳನ್ನು ಕಾದು ಚಿತ್ರ ತೆಗೆದು, ‘ಹಕ್ಕಿಪುಕ್ಕ’ದಂಥ ಪುಸ್ತಕಗಳ ಮೂಲಕ ಹಕ್ಕಿ ನೋಡುವ ಕಣ್ಣನ್ನು ಕನ್ನಡದಲ್ಲೇ ತೆರೆಸಿದರು. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಗ್ರಂಥಕ್ಕೆ ಗಿಡಮರಗಳ ಚಿತ್ರಗಳನ್ನು ತಾವೇ ಬರೆದರು. ಸಾಧನ ಕ್ಯಾಮೆರಾವಾಗಲಿ ಲೇಖನಿಯಾಗಲಿ, ಇದ್ದುದನ್ನು ಇದ್ದ ಹಾಗೆ ನೋಡುವ ಶ್ರದ್ಧೆ ಒಂದೇ.

ಗೂಡೇ ಏಕೆ?

ಹಳೆಯ ಹಕ್ಕಿಚಿತ್ರಗಳ ಯಾವ ಸಂಪುಟವನ್ನು ತೆರೆದರೂ ಒಂದು ಸಂಗತಿ ಎದ್ದು ಕಾಣುತ್ತದೆ. ಹತ್ತರಲ್ಲಿ ಹಲವು ಚಿತ್ರಗಳು ಗೂಡಿನವೇ: ಮರಿಗಳ ಬಾಯಿಗೆ ಹುಳುವಿಡುವ ತಾಯಿ, ಕಾವು ಕೂತ ಹಕ್ಕಿ. ಇದಕ್ಕೆ ಕಾರಣ ಆ ಹಿರಿಯರ ಅಭಿರುಚಿಯಷ್ಟೇ ಅಲ್ಲ. ಅವರ ಕೈಯಲ್ಲಿದ್ದ ಸಾಮಗ್ರಿ. ಬಣ್ಣದ ಫಿಲ್ಮುಗಳಲ್ಲಿ ಹೆಸರಾದ ಕೊಡಾಕ್ರೋಮ್ 1936ರಲ್ಲಿ ಸ್ಥಿರಚಿತ್ರಕ್ಕೆ ಬಂದಾಗ ಅದರ ವೇಗ ಸುಮಾರು 10. 1961ರಲ್ಲಿ 25 ಆಯಿತು, 1962ರಲ್ಲಿ 64ರದು ಬಂತು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ 1600 ಎಂಬ ವೇಗವನ್ನು ಯಾರೂ ಹೆಚ್ಚೆಂದು ಭಾವಿಸುವುದಿಲ್ಲ. ಲೆಕ್ಕ ಹಾಕಿ ನೋಡಿ: 1600ರ ವೇಗದಲ್ಲಿ ಬೇಕಾಗುವ ಬೆಳಕಿನ 160 ಪಾಲು ಬೆಳಕು ಆ ಹಳೆಯ ಫಿಲ್ಮಿಗೆ ಬೇಕಾಗಿತ್ತು. ದೂರವನ್ನು ಹತ್ತಿರಕ್ಕೆ ತರುವ ಉದ್ದ ಲೆನ್ಸುಗಳು ಭಾರ, ಮಂದ, ದುಬಾರಿ.

ಹೀಗಾಗಿ ಛಾಯಾಗ್ರಾಹಕ ಹಕ್ಕಿಯ ತೀರ ಸಮೀಪಕ್ಕೆ ಹೋಗಲೇಬೇಕಾಗಿತ್ತು. ಹಕ್ಕಿ ಇಂಥ ಜಾಗಕ್ಕೇ ಬರುತ್ತದೆಂಬ ಭರವಸೆಯೂ ಬೇಕಾಗಿತ್ತು. ಹಕ್ಕಿ ಸ್ವತಂತ್ರ ಜೀವಿ, ಎಲ್ಲಿಗಾದರೂ ಹಾರೀತು. ಆದರೆ ಮರಿಗಳಿದ್ದರೆ ಗಳಿಗೆಗೊಮ್ಮೆ ಒಂದೇ ಕೊಂಬೆಗೆ ಮರಳಿ ಬಂದೇ ಬರುತ್ತದೆ. ತಾಯ್ತನದ ಈ ಕಟ್ಟು ಛಾಯಾಗ್ರಾಹಕನಿಗೆ ಒದಗಿದ ಅನುಕೂಲ. ಗೂಡಿನಿಂದ ಕೆಲವೇ ಅಡಿಗಳ ಆಚೆ ಮರೆಗುಡಾರವನ್ನು ನಿಲ್ಲಿಸಿ, ದಿನಕ್ಕಷ್ಟು ಹತ್ತಿರ ಸರಿಸುತ್ತ ಹಕ್ಕಿಗೆ ಅಭ್ಯಾಸ ಮಾಡಿಸಿ, ಆಮೇಲೆ ಒಳಗೆ ಕುಳಿತು ಚಿತ್ರ ತೆಗೆಯುತ್ತಿದ್ದರು. ಬಲ್ಲವರು ಈ ಕೆಲಸವನ್ನು ಬಹಳ ಎಚ್ಚರದಿಂದ ಮಾಡುತ್ತಿದ್ದರು. ಹಕ್ಕಿ ಮರಿಗೆ ಏನು ತಿನ್ನಿಸುತ್ತದೆ, ಗಂಡಿನ ಪಾಲು ಎಷ್ಟು, ಹೆಣ್ಣಿನ ಪಾಲು ಎಷ್ಟು ಎಂಬಂಥ ಸಂಗತಿಗಳು ಇಂಥ ಮರೆಗಳಿಂದ ಹೆಚ್ಚಾಗಿ ತಿಳಿದುಬಂದವು. ಅವರ ಋಣ ನಮ್ಮ ಮೇಲಿದೆ.

ಆದರೆ ಗೂಡಿನ ಬಳಿ ಮನುಷ್ಯ ಸುಳಿದರೆ ಏನಾಗುತ್ತದೆಂಬುದನ್ನೂ ಕಾಲ ಕಲಿಸಿತು. ಹೆದರಿದ ತಾಯಿ ದೂರ ಉಳಿದರೆ ಮೊಟ್ಟೆ ತಣ್ಣಗಾಗುತ್ತದೆ. ನಮ್ಮ ಸುಡುಬಿಸಿಲಿನಲ್ಲಾದರೆ ಪುಕ್ಕ ಬಾರದ ಮರಿ ಬೇಯುತ್ತದೆ. ಚಿತ್ರಕ್ಕೆ ಅಡ್ಡವೆಂದು ಕತ್ತರಿಸಿದ ರೆಂಬೆ ಆ ಗೂಡಿಗೆ ನೆರಳೂ ಹೌದು, ಮರೆಯೂ ಹೌದು. ಮನುಷ್ಯ ಹೋಗಿ ನಿಂತ ಜಾಗವನ್ನು ಕಾಗೆ ನೋಡಿಕೊಂಡಿರುತ್ತದೆ. ಬೆಕ್ಕು ಅವನ ಹೆಜ್ಜೆಯ ಹಾದಿ ಹಿಡಿಯುತ್ತದೆ. ಒಬ್ಬ ಕಿಯರ್ಟನ್ ಹೋದಾಗ ತಾಳಿಕೊಂಡ ಗೂಡು, ಒಬ್ಬನ ಹಿಂದೆ ಒಬ್ಬರಂತೆ ಇಪ್ಪತ್ತು ಮಂದಿ ಹೋದಾಗ ತಾಳಲಾರದು. ಹಿಂದೆ ಒಂದು ಸುರುಳಿಗೆ 36 ಚಿತ್ರ ಎಂಬ ಲೆಕ್ಕವಿತ್ತು, ಪ್ರತಿ ಚಿತ್ರಕ್ಕೂ ಹಣ ಸುರಿಯಬೇಕಾಗಿತ್ತು. ಈಗ ಆ ಲಗಾಮೂ ಇಲ್ಲ. ಗೂಡು ಎಲ್ಲಿದೆಯೆಂಬ ಸುದ್ದಿ ಮೊಬೈಲಿನಲ್ಲಿ ಗಳಿಗೆಯೊಳಗೆ ಊರೆಲ್ಲ ಹಬ್ಬುತ್ತದೆ.

ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಅದರಲ್ಲಿ ಬೇಟೆ ಎಂಬ ಮಾತಿಗೆ ಕೊಟ್ಟಿರುವ ಅರ್ಥವನ್ನು ಓದಿದಾಗ ನನ್ನಂಥ ಭಾಷೆಯ ವಿದ್ಯಾರ್ಥಿಗೆ ಅಚ್ಚರಿಯಾಯಿತು. ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದು ಇವುಗಳ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಕೂಡ ಆ ಅರ್ಥದೊಳಗೆ ಸೇರಿದೆ. ಬೇಟೆಗೆ ಬದಲಾಗಿ ಬಂದದ್ದು ಕ್ಯಾಮೆರಾ. ಮೊಟ್ಟೆಗಳ್ಳತನಕ್ಕೆ ಬದಲಾಗಿ ಬಂದದ್ದು ಗೂಡಿನ ಚಿತ್ರ. ಆ ಚಿತ್ರಕ್ಕಾಗಿ ಗೂಡನ್ನು ಕಲಕಿದರೆ ಕಾನೂನಿನ ಕಣ್ಣಿನಲ್ಲಿ ಅದೂ ಬೇಟೆಯೇ. 1892ರಲ್ಲಿ ಯಾವುದು ಪುಣ್ಯದ ಕೆಲಸವಾಗಿತ್ತೋ ಅದೇ ಇಂದು ತಪ್ಪಾಗಬಲ್ಲದು. ಹಾಗೆಂದು ಕಿಯರ್ಟನ್ ಸೋದರರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಅವರ ಕಾಲದಲ್ಲಿ ಅವರು ಕೈಯನ್ನು ಒಂದು ಹೆಜ್ಜೆ ಹಿಂದೆಗೆದರು. ನಮ್ಮ ಕಾಲದಲ್ಲಿ ಇನ್ನೊಂದು ಹೆಜ್ಜೆ ಹಿಂದೆಗೆಯುವುದು ನಮ್ಮ ಪಾಲಿನ ಕೆಲಸ. ಗೂಡಿನ ಬಳಿಗೆ ಹೋಗದೆಯೇ ಚಿತ್ರ ತೆಗೆಯಬಲ್ಲ ಸಾಧನ ಅವರಿಗಿರಲಿಲ್ಲ, ನಮಗಿದೆ. ನಮ್ಮ ದೇಶದ ಅನೇಕ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂಬುದು ಸಮಾಧಾನದ ಸಂಗತಿ.

ಚಿಕ್ಕ ಜೀವಗಳ ಲೆಕ್ಕ

ಹಕ್ಕಿಯ ಮಾತಾಯಿತು. ಹುಳುಹುಪ್ಪಟೆಯ ಮೇಲೆ ಕರುಣೆ ತೋರುವವರು ಕಡಿಮೆ. ಚಿಟ್ಟೆ ಹಾರಿಹೋಗುತ್ತದೆಂದು ಹಿಡಿದು ರೆಫ್ರಿಜರೇಟರಿನಲ್ಲಿಟ್ಟು, ಚಳಿಗೆ ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವ ರೂಢಿಯೊಂದುಂಟು. ಚಿತ್ರ ನೋಡಿದವರು ಮೆಚ್ಚಬಹುದು. ಆದರೆ ಆ ಚಿಟ್ಟೆ ಹಾಗೆ ಆ ಹೂವಿನ ಮೇಲೆ ಎಂದೂ ಕುಳಿತಿರಲಿಲ್ಲ. ಹೂವಿನ ವಿಷಯವೂ ಅಷ್ಟೇ. ಒಂದು ನೆಲದಾವರೆಯ ಚಿತ್ರಕ್ಕಾಗಿ ಸುತ್ತಲಿನ ನಾಲ್ಕು ಸಸಿಗಳನ್ನು ತುಳಿದವನು ಹೂವನ್ನು ನೋಡಿದನೆಂದು ಹೇಗೆ ಹೇಳೋಣ?

ತಾಳ್ಮೆಯಿಂದ ಕಾದವರು ತಂದ ಲಾಭ ದೊಡ್ಡದು. ಸೂಜಿಗೆ ಸಿಕ್ಕಿಸಿದ ಚಿಟ್ಟೆಯ ರೆಕ್ಕೆಗಳನ್ನು ಚಪ್ಪಟೆಯಾಗಿ ಹರಡಿರುತ್ತಾರೆ. ಹಳೆಯ ಪುಸ್ತಕಗಳ ಚಿತ್ರಗಳೂ ಹಾಗೆಯೇ. ಜೀವಂತ ಚಿಟ್ಟೆ ಅನೇಕ ವೇಳೆ ರೆಕ್ಕೆ ಮಡಿಸಿ ಕೂರುತ್ತದೆ. ಆಗ ಕಾಣುವುದು ರೆಕ್ಕೆಯ ಕೆಳಮೈ. ಬಯಲಿನಲ್ಲಿ ಚಿಟ್ಟೆಯ ಹೆಸರು ಹಿಡಿಯಬೇಕಾದವನಿಗೆ ಬೇಕಾದದ್ದು ಈ ಕೆಳಮೈಯ ಗುರುತು. ಅದನ್ನು ನಮ್ಮ ಕೈಗೆ ಕೊಟ್ಟವು ಜೀವಂತ ಚಿಟ್ಟೆಗಳ ಛಾಯಾಚಿತ್ರಗಳು. ಐಸಾಕ್ ಕೆಹಿಂಕರ್ ಅವರ ಭಾರತದ ಚಿಟ್ಟೆಗಳ ಪುಸ್ತಕ (2008) ಇಂಥ ಚಿತ್ರಗಳಿಂದಲೇ ತುಂಬಿದೆ. ಬೆಂಗಳೂರಿನ ವಿಜ್ಞಾನಿ ಕೃಷ್ಣಮೇಘ ಕುಂಟೆಯವರು ಮುನ್ನಡೆಸಿದ ಭಾರತದ ಚಿಟ್ಟೆಗಳ ಅಂತರ್ಜಾಲ ಕೋಶಕ್ಕೆ ನಾಡಿನ ನಾನಾ ಮೂಲೆಗಳ ಹವ್ಯಾಸಿಗಳು ಚಿತ್ರ ಒದಗಿಸಿದ್ದಾರೆ. ಎಲ್ಲಿ, ಯಾವ ದಿನ ಎಂಬ ಎರಡು ಮಾತು ಜೊತೆಗಿದ್ದರೆ ಸಾಧಾರಣ ಚಿತ್ರವೂ ದಾಖಲೆಯಾಗುತ್ತದೆ. ಅವಿಲ್ಲದಿದ್ದರೆ ಅತ್ಯುತ್ತಮ ಚಿತ್ರವೂ ಗೋಡೆಯ ಅಲಂಕಾರ.

ಹಿಂದೆ ಹೇಳಿದ ಕವಿಸಮಯದ ಚಾತಕವೂ ಇಲ್ಲಿ ನೆನಪಿಗೆ ಬರುತ್ತದೆ. ಜುಟ್ಟಿರುವ, ಕಪ್ಪು ಬಿಳುಪಿನ, ಕೋಗಿಲೆ ಜಾತಿಯ ಹಕ್ಕಿ ಅದು. ಮುಂಗಾರಿನ ಹೊತ್ತಿಗೆ ಆಫ್ರಿಕದಿಂದ ಉತ್ತರ ಮತ್ತು ಮಧ್ಯ ಭಾರತಕ್ಕೆ ವಲಸೆ ಬರುತ್ತದೆ. ನಮ್ಮ ದಕ್ಷಿಣದಲ್ಲಿ ನೆಲೆಸಿರುವ ಚಾತಕಗಳೂ ಇವೆ. 2007ರಲ್ಲಿ ಬೆಂಗಳೂರಿನಿಂದ ಆರಂಭವಾದ ಮೈಗ್ರಂಟ್‌ವಾಚ್ ಎಂಬ ಯೋಜನೆಯಲ್ಲಿ ಸಾಮಾನ್ಯ ಜನ ತಾವು ಚಾತಕವನ್ನು ಮೊದಲು ಕಂಡ ದಿನವನ್ನು ಬರೆದು ಕಳಿಸಿದರು. ಅದು ಮಳೆಯ ಮುಂದೆ ಮುಂದೆ ಹೇಗೆ ಸಾಗಿ ಬರುತ್ತದೆಂಬುದು ಆ ದಾಖಲೆಗಳಿಂದ ನಕ್ಷೆಯ ಮೇಲೆ ಮೂಡಿತು. ಹಳೆಯ ಕವಿ ಚಾತಕವನ್ನೂ ಮಳೆಯನ್ನೂ ಜೊತೆಗೂಡಿಸಿದ್ದರಲ್ಲಿ ತಿರುಳಿತ್ತು. ಹವ್ಯಾಸಿಗಳು ಅದಕ್ಕೆ ತಾರೀಖು ಹಾಕಿದರು.

ಬಯಲಿನ ಚಿತ್ರವೂ ಹೀಗೆಯೇ ಸಾಕ್ಷಿಯಾಗಬಲ್ಲದು. ಬೆಂಗಳೂರಿನ ಬಳಿಯ ಹೆಸರುಘಟ್ಟದ ಹುಲ್ಲುಗಾವಲು ಹಲವರ ಕಣ್ಣಿಗೆ ಬರಿಯ ಬೀಳು. ಅದು ಬೀಳಲ್ಲ, ನೆಲದ ಮೇಲೆ ಬಾಳುವ ಹಕ್ಕಿಗಳ ಮನೆ ಎಂದು ಚಿತ್ರ ಹಿಡಿದು ವಾದಿಸಿದವರಲ್ಲಿ ಛಾಯಾಗ್ರಾಹಕರೂ ಮುಂದಾಗಿದ್ದರು. ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಉಳಿಸಲು ರಾಜ್ಯದ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟಿತು.

ಬಕದ ಬಂಧು

ಚಿತ್ರ ಸಾಕ್ಷಿಯಾಗಬೇಕಾದರೆ ಅದು ಸುಳ್ಳಾಡಬಾರದು. 1965ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆ ಇಂದು ಲೋಕಪ್ರಸಿದ್ಧ. ಬೇಲಿ ಹಾರುವ ತೋಳದ ಚಿತ್ರಕ್ಕೆ 2009ರಲ್ಲಿ ದೊರೆತ ಅಲ್ಲಿನ ಬಹುಮಾನವನ್ನು, ಅದು ಸಾಕಿದ ತೋಳವಿರಬಹುದೆಂಬ ತೀರ್ಮಾನದಿಂದ, ಮರುವರ್ಷ ಹಿಂತೆಗೆದುಕೊಂಡರು. 2018ರಲ್ಲಿ ಇನ್ನೂ ವಿಚಿತ್ರ. ಬ್ರೆಜಿಲ್ ದೇಶದ ಹುತ್ತವೊಂದರ ಬಳಿಗೆ ರಾತ್ರಿ ಬಂದ ಇರುವೆಬಾಕದ ಸೊಗಸಾದ ಚಿತ್ರವನ್ನು ತಜ್ಞರು ಪರೀಕ್ಷಿಸಿ, ಆ ಪ್ರಾಣಿ ಹುಲ್ಲು ತುಂಬಿದ ಬೊಂಬೆಯೆಂದು ಹೇಳಿದರು. ಛಾಯಾಗ್ರಾಹಕ ಒಪ್ಪಲಿಲ್ಲ; ಬಹುಮಾನವಂತೂ ರದ್ದಾಯಿತು. ಸುಮಾರು 160 ವರ್ಷಗಳ ಹಿಂದೆ ವೇಲ್ಸಿನ ನೀರಿನಂಚಿನಲ್ಲಿ ನಿಂತ ಬಕಕ್ಕೆ ಇದಕ್ಕಿಂತ ಹತ್ತಿರದ ಬಂಧು ಬೇರೆಲ್ಲಿ ಸಿಕ್ಕೀತು? ವ್ಯತ್ಯಾಸ ಒಂದೇ: ಲೂಯೆಲಿನ್‌ಗೆ ಬೇರೆ ದಾರಿಯಿರಲಿಲ್ಲ.

ಈ ಚರಿತ್ರೆಯುದ್ದಕ್ಕೂ ನನಗೆ ಕಾಣುವ ಮುಖ್ಯ ಎಳೆ ಇದು. ನಿಸರ್ಗವನ್ನು ಪ್ರೀತಿಸುವವನು ಮೊದಲು ಪ್ರಾಣವನ್ನು ತೆಗೆದುಕೊಳ್ಳುತ್ತಿದ್ದ. ಆಮೇಲೆ ಪ್ರಾಣ ಬಿಟ್ಟು ಮೊಟ್ಟೆ ತೆಗೆದುಕೊಂಡ. ಆಮೇಲೆ ಮೊಟ್ಟೆಯನ್ನೂ ಬಿಟ್ಟು ಗೂಡಿನ ಚಿತ್ರವನ್ನಷ್ಟೇ ತೆಗೆದುಕೊಂಡ. ಸಾಧನ ಬೆಳೆದಂತೆಲ್ಲ ಅವನ ಕೈ ಹಿಂದೆ ಸರಿಯುತ್ತ ಬಂದಿದೆ. ಇಂದಿನ ಲೆನ್ಸು ಹಿಂದೆಂದಿಗಿಂತ ದೂರ ನೋಡಬಲ್ಲದು. ಅದನ್ನು ಹಿಡಿದವನು ಹಿಂದೆಂದಿಗಿಂತ ದೂರ ನಿಲ್ಲಬಹುದೆಂಬುದೇ ಅದರ ನಿಜವಾದ ಪ್ರಯೋಜನ. ಈ ಹವ್ಯಾಸಕ್ಕೆ ಇಳಿಯಲು ಬಯಸುವ ತರುಣ ತರುಣಿಯರು ಕ್ಯಾಮೆರಾ ಕೊಳ್ಳುವ ಮುನ್ನ ಒಂದು ಋತು ಬರಿಗಣ್ಣಿನಿಂದ ಒಂದೇ ಮರವನ್ನು ನೋಡಲಿ, ಕಂಡದ್ದನ್ನು ದಿನಾಂಕ ಹಾಕಿ ಕನ್ನಡದಲ್ಲೇ ಬರೆದಿಡಲಿ. ಆ ಮರದಲ್ಲಿ ಗೂಡು ಕಂಡರೆ ಅದು ಇರುವ ಜಾಗವನ್ನು ಯಾರಿಗೂ ಹೇಳದಿರಲಿ. ಮರಿಗಳು ಹಾರಿಹೋದ ಮೇಲೆ ಚಿತ್ರ ತೆಗೆಯಲು ಬೇಕಾದಷ್ಟು ಹೊತ್ತಿದೆ.